ಹ್ಯಾಮ್ ರೇಡಿಯೋ ಲಾಗ್ ತಂತ್ರಾಂಶ: ಆರಿಸುವ ಮುನ್ನ ಹೊರಬರುವ ಬಾಗಿಲನ್ನು ನೋಡಿಕೊಳ್ಳಿ

ಹವ್ಯಾಸಿ ರೇಡಿಯೋದಲ್ಲಿ ಯಾರೊಡನೆ, ಯಾವಾಗ ಮಾತಾಡಿದೆವು ಎಂದು ಬರೆದಿಡುವ ದಾಖಲೆಯೇ ಲಾಗ್. ನನ್ನ ಮೊದಲ ನಾಲ್ಕು ವರ್ಷಗಳ ಸಂಪರ್ಕಗಳೆಲ್ಲ ಒಂದೇ ತಂತ್ರಾಂಶದಲ್ಲಿದ್ದವು. ನೋಡಲು ಚೆಂದ, ಬಳಸಲು ಸುಲಭ. ಅದನ್ನು ಬರೆದವರು ಕೆಲಸ ನಿಲ್ಲಿಸಿದ ಮೇಲೆ ಹೊಸ ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳಲೇ ಇಲ್ಲ. ಹಳೆಯ ಯಂತ್ರವನ್ನು ಎಬ್ಬಿಸಿ ದತ್ತಾಂಶ ಹೊರತೆಗೆದಾಗ ಕರೆ ಸಂಕೇತ (ಅಂದರೆ ನಿಲ್ದಾಣದ ಗುರುತಿನ ಹೆಸರು), ದಿನಾಂಕ, ಬ್ಯಾಂಡ್ (ಅಂದರೆ ಯಾವ ಆವರ್ತನಗಳ ವಲಯ) ಎಲ್ಲ ಬಂದವು. ಪ್ರತಿ ಸಂಪರ್ಕದ ಕೆಳಗೆ ನಾನು ಬರೆದಿಟ್ಟಿದ್ದ ಟಿಪ್ಪಣಿಗಳು ಬರಲಿಲ್ಲ. ಯಾರು ಎಂಥ ಆಂಟೆನಾ ಕಟ್ಟಿದ್ದರು, ಯಾರ ಅಂಗಳದಲ್ಲಿ ಅಂದು ಹಿಮ ಬಿದ್ದಿತ್ತು, ಯಾರಿಗೆ ಅದು ಜೀವನದ ಮೊದಲ ಮೋರ್ಸ್ ಸಂಪರ್ಕವಾಗಿತ್ತು ಎಂಬ ವಿವರಗಳೆಲ್ಲ ಒಳಗೇ ಉಳಿದವು. ಒಂದು ಪರದೆಯಲ್ಲಿ ಓದುತ್ತ ಇನ್ನೊಂದರಲ್ಲಿ ಟೈಪ್ ಮಾಡುತ್ತ ಎರಡು ತಿಂಗಳ ಸಂಜೆಗಳನ್ನು ಕಳೆದೆ.

ಆದ್ದರಿಂದ ಯಾರಾದರೂ ‘ಯಾವ ಲಾಗ್ ತಂತ್ರಾಂಶ ಒಳ್ಳೆಯದು’ ಎಂದು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟು: ಒಳಗೆ ಹೋಗುವ ಮುನ್ನ ಹೊರಗೆ ಬರುವುದು ಹೇಗೆಂದು ನೋಡಿಕೊಳ್ಳಿ. ತಂತ್ರಾಂಶಗಳು ಬರುತ್ತವೆ, ನಿಲ್ಲುತ್ತವೆ. ಇವುಗಳಲ್ಲಿ ಎಷ್ಟೋ ಒಬ್ಬೊಬ್ಬರೇ ಹ್ಯಾಮ್‌ಗಳು ಬಿಡುವಿನ ವೇಳೆಯಲ್ಲಿ ಬರೆದಂಥವು. ನಿಮ್ಮ ಲಾಗ್ ಮಾತ್ರ ನಿಮ್ಮೊಡನೆ ಕೊನೆಯವರೆಗೂ ಬರಬೇಕಾದದ್ದು. ಕೆಳಗಿನ ಹೆಜ್ಜೆಗಳನ್ನು ಆ ದೃಷ್ಟಿಯಿಂದಲೇ ಜೋಡಿಸಿದ್ದೇನೆ.

ಹೆಜ್ಜೆ 1: ನೀವು ಬ್ಯಾಂಡ್‌ನಲ್ಲಿ ಏನು ಮಾಡುತ್ತೀರಿ ಎಂದು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಕಳೆದ ಆರು ತಿಂಗಳು ರೇಡಿಯೋ ಮುಂದೆ ಕುಳಿತು ಏನು ಮಾಡಿದಿರಿ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಮುಂದೆ ಮಾಡಬೇಕೆಂದಿರುವುದನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಎರಡನ್ನೂ ಬೆರೆಸಬೇಡಿ. ಸಂಜೆ ಹೊತ್ತು ನಾಲ್ಕು ಜನರೊಡನೆ ಮಾತಾಡುವವರಿಗೆ ಬೇಕಾದದ್ದು ಒಂದು. ದೂರದ ದೇಶಗಳನ್ನು ಒಂದೊಂದಾಗಿ ಹಿಡಿದು ಡಿಎಕ್ಸ್‌ಸಿಸಿ ಪ್ರಶಸ್ತಿಯ ಬೆನ್ನು ಹತ್ತಿದವರಿಗೆ ಬೇಕಾದದ್ದು ಇನ್ನೊಂದು. ಸ್ಪರ್ಧೆಗಳಲ್ಲಿ ಕೂರುವವರು, ಎಫ್‌ಟಿ8ನಂಥ ಡಿಜಿಟಲ್ ವಿಧಾನಗಳಲ್ಲಿ ಇರುವವರು, ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವವರು, ಉಪಗ್ರಹಗಳ ಮೂಲಕ ಮಾತಾಡುವವರು, ಒಬ್ಬೊಬ್ಬರ ಅಗತ್ಯವೂ ಬೇರೆ.

ಎಲ್ಲವನ್ನೂ ಮಾಡುವ ತಂತ್ರಾಂಶ ಹುಡುಕಲು ಹೊರಟವರು ನೂರು ಗುಂಡಿಗಳ ಪರದೆಯ ಮುಂದೆ ಕುಳಿತು ಒಂದು ಸಂಪರ್ಕ ಬರೆಯಲು ತಡಕಾಡುವುದನ್ನು ಕಂಡಿದ್ದೇನೆ. ಹಾಳೆಯ ಮೊದಲ ಸಾಲಿಗೆ ಹೊಂದುವಂಥದ್ದನ್ನು ಆರಿಸಿ. ನಿಮ್ಮ ಪರವಾನಗಿಯ ನಿಯಮಗಳು ಲಾಗ್‌ನಲ್ಲಿ ಯಾವ ವಿವರ ಇರಬೇಕು, ಎಷ್ಟು ಕಾಲ ಇಡಬೇಕು ಎಂದು ಹೇಳಿದ್ದರೆ ಅದನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಹೆಜ್ಜೆ 2: ಹೊರಬರುವ ಬಾಗಿಲು, ಅಂದರೆ ಎಡಿಐಎಫ್

ಲಾಗ್ ತಂತ್ರಾಂಶಗಳು ಪರಸ್ಪರ ಮಾತಾಡುವ ಭಾಷೆ ಎಡಿಐಎಫ್. ಹೆಸರು ಕೇಳಿ ಹೆದರಬೇಕಾಗಿಲ್ಲ, ಇದು ಸಾದಾ ಪಠ್ಯ ಕಡತ; ಯಾವ ಪಠ್ಯ ಸಂಪಾದಕದಲ್ಲಿಯೂ ತೆರೆದು ಓದಬಹುದು. ಪ್ರತಿ ವಿವರದ ಮುಂದೆ ಒಂದು ಸಣ್ಣ ಆವರಣ, ಅದರೊಳಗೆ ವಿವರದ ಹೆಸರು, ಒಂದು ಕೋಲನ್ ಚಿಹ್ನೆ, ಆಮೇಲೆ ಎಷ್ಟು ಅಕ್ಷರ ಎಂಬ ಸಂಖ್ಯೆ. ಅಮೆರಿಕದ ರೇಡಿಯೋ ಹವ್ಯಾಸಿಗಳ ಸಂಘವಾದ ಎಆರ್‌ಆರ್‌ಎಲ್‌ನ ಕೇಂದ್ರ ಕಚೇರಿಯ ನಿಲ್ದಾಣ ಡಬ್ಲ್ಯೂ1ಎಡಬ್ಲ್ಯೂ ಜೊತೆ ಮಾತಾಡಿದ್ದೀರಿ ಎನ್ನಿ. ಕರೆ ಸಂಕೇತದ ಮುಂದೆ 4 ಎಂದಿರುತ್ತದೆ, ಏಕೆಂದರೆ ಆ ಸಂಕೇತದಲ್ಲಿ ಮೂರು ಅಕ್ಷರ ಮತ್ತು ಒಂದು ಅಂಕಿ ಸೇರಿ ನಾಲ್ಕು. ದಿನಾಂಕದ ಮುಂದೆ 8, ಏಕೆಂದರೆ ವರ್ಷ, ತಿಂಗಳು, ದಿನವನ್ನು ಕೂಡಿಸಿ 20240115 ಎಂದು ಬರೆಯುತ್ತಾರೆ. ದಾಖಲೆಯ ಕೊನೆಯಲ್ಲಿ ಇಒಆರ್ ಎಂಬ ಗುರುತು.

ಈ ಸಂಖ್ಯೆಯ ಮಹತ್ವ ಅನುಭವಕ್ಕೆ ಬರುವುದು ಕೈಯಾರೆ ತಿದ್ದುವಾಗ. ಆ ನಾಲ್ಕಕ್ಷರದ ಸಂಕೇತದ ಕೊನೆಗೆ ಓರೆಗೆರೆ ಹಾಕಿ ಒಂದು ಅಂಕಿ ಸೇರಿಸಿ, ಆವರಣದೊಳಗಿನ 4 ಅನ್ನು 6 ಮಾಡುವುದನ್ನು ಮರೆತರೆ, ಓದುವ ತಂತ್ರಾಂಶ ನಾಲ್ಕು ಅಕ್ಷರ ಓದಿ ನಿಲ್ಲುತ್ತದೆ. ನೀವು ಸೇರಿಸಿದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ದೋಷ ಸಂದೇಶವೂ ಬರುವುದಿಲ್ಲ.

ತಂತ್ರಾಂಶವನ್ನು ಹಾಕಿಕೊಂಡ ದಿನವೇ ಈ ಪರೀಕ್ಷೆ ಮಾಡಿ. ನಾಲ್ಕೈದು ಕಲ್ಪಿತ ಸಂಪರ್ಕಗಳನ್ನು ಬರೆಯಿರಿ. ಒಂದಕ್ಕೆ ಉದ್ದನೆಯ ಟಿಪ್ಪಣಿ, ಒಂದಕ್ಕೆ ಸಂಪರ್ಕವನ್ನು ದೃಢಪಡಿಸುವ ಕ್ಯೂಎಸ್ಎಲ್ ಕಾರ್ಡ್ ಬಂದಿದೆ ಎಂಬ ಗುರುತು, ಒಂದಕ್ಕೆ ನೀವಿರುವ ಜಾಗವನ್ನು ಸೂಚಿಸುವ ಗ್ರಿಡ್ ಚೌಕ, ಇನ್ನೊಂದು ಎಫ್‌ಟಿ8ನಂಥದೇ ಡಿಜಿಟಲ್ ವಿಧಾನವಾದ ಎಫ್‌ಟಿ4ನ ಸಂಪರ್ಕ. ಎಲ್ಲವನ್ನೂ ಎಡಿಐಎಫ್ ಆಗಿ ಹೊರತೆಗೆದು ಪಠ್ಯ ಸಂಪಾದಕದಲ್ಲಿ ತೆರೆದು, ನೀವು ತುಂಬಿದ ಪ್ರತಿಯೊಂದು ಅಂಕಣವೂ ಅಲ್ಲಿದೆಯೇ ಎಂದು ಬೆರಳಿಟ್ಟು ನೋಡಿ.

ಎಫ್‌ಟಿ4 ಸಾಲನ್ನು ವಿಶೇಷವಾಗಿ ನೋಡಿ. ಎಡಿಐಎಫ್ ನಿಯಮದಂತೆ ಎಫ್‌ಟಿ8ಗೆ ಸ್ವಂತ ವಿಧಾನದ ಹೆಸರಿದೆ. ಎಫ್‌ಟಿ4 ಮಾತ್ರ ಎಂಎಫ್ಎಸ್‌ಕೆ ಎಂಬ ವಿಧಾನದ ಉಪವಿಧಾನ. ಹಾಗೆಯೇ ಯುಎಸ್‌ಬಿ (ಇದು ಕಂಪ್ಯೂಟರಿನ ಕೇಬಲ್ ಅಲ್ಲ), ಎಲ್‌ಎಸ್‌ಬಿ ಎರಡೂ ಧ್ವನಿಗೆ ಬಳಸುವ ಎಸ್‌ಎಸ್‌ಬಿ ವಿಧಾನದ ಉಪವಿಧಾನಗಳು. ಇದನ್ನು ಸರಿಯಾಗಿ ಬರೆಯದ ತಂತ್ರಾಂಶದ ಕಡತವನ್ನು ಇನ್ನೊಂದು ತಂತ್ರಾಂಶ ತಿರಸ್ಕರಿಸಬಹುದು. ಈ ಒಂದು ಸಾಲು ಸರಿಯಿದ್ದರೆ ಬರೆದವರು ನಿಯಮವನ್ನು ಓದಿ ಬರೆದಿದ್ದಾರೆ ಎಂದು ನಾನು ನಂಬುತ್ತೇನೆ.

ಕನ್ನಡದಲ್ಲಿ ಟಿಪ್ಪಣಿ ಬರೆಯುವ ಆಸೆಯಿದ್ದರೆ ಇದನ್ನೂ ತಿಳಿದಿರಿ. ಎಡಿಐ ಎಂಬ ಸಾಮಾನ್ಯ ರೂಪದ ಕಡತ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಮೀಸಲು. ಬೇರೆ ಲಿಪಿಗಳಿಗೆ ಜಾಗವಿರುವುದು ಎಕ್ಸ್‌ಎಂಎಲ್ ಆಧಾರಿತ ಎಡಿಎಕ್ಸ್ ರೂಪದಲ್ಲಿ. ಅದನ್ನು ಬರೆಯಲೂ ಓದಲೂ ಬಾರದ ತಂತ್ರಾಂಶದಲ್ಲಿ ಕನ್ನಡ ಟಿಪ್ಪಣಿಗಳು ಪರದೆಯ ಮೇಲೆ ಚೆನ್ನಾಗಿ ಕಂಡರೂ ಹೊರಬರುವಾಗ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವ ಅಪಾಯವಿದೆ. ಮೇಲಿನ ಪರೀಕ್ಷೆಯಲ್ಲಿ ಒಂದು ಕನ್ನಡ ಟಿಪ್ಪಣಿಯನ್ನೂ ಸೇರಿಸಿ.

ಈ ಹೆಜ್ಜೆಯಲ್ಲಿ ಸೋತ ತಂತ್ರಾಂಶವನ್ನು, ಅದು ಎಷ್ಟೇ ಸುಂದರವಾಗಿರಲಿ, ಅಲ್ಲಿಗೇ ಬಿಡಿ.

ಹೆಜ್ಜೆ 3: ನಿಮ್ಮ ಕಂಪ್ಯೂಟರಿಗೆ ಯಾವುದಿದೆ

ವಿಂಡೋಸ್ ಇದ್ದರೆ ಆಯ್ಕೆ ಹೆಚ್ಚು. ಲಾಗ್4ಒಎಂ, ಡಿಎಕ್ಸ್‌ಲ್ಯಾಬ್, ಲಾಗರ್32 ಉಚಿತ. ಹ್ಯಾಮ್ ರೇಡಿಯೋ ಡಿಲಕ್ಸ್ ಹಣ ಕೊಟ್ಟು ಕೊಳ್ಳುವಂಥದ್ದು. ಡಿಎಕ್ಸ್‌ಲ್ಯಾಬ್ ಒಂದೇ ತಂತ್ರಾಂಶವಾಗಿರದೆ ಹಲವು ತಂತ್ರಾಂಶಗಳ ಕುಟುಂಬ. ಕಲಿಯಲು ಸಮಯ ಬೇಕು, ಪ್ರಶಸ್ತಿಗಳ ಲೆಕ್ಕದಲ್ಲಿ ಬಹಳ ಆಳಕ್ಕೆ ಹೋಗುತ್ತದೆ. ಮ್ಯಾಕ್‌ಗೆ ರಮ್‌ಲಾಗ್‌ಎನ್‌ಜಿ, ಮ್ಯಾಕ್‌ಲಾಗರ್‌ಡಿಎಕ್ಸ್. ಲಿನಕ್ಸ್‌ಗೆ ಸಿಕ್ಯೂಆರ್‌ಲಾಗ್ ಹಳೆಯ ಹೆಸರು. ಕ್ಯೂಲಾಗ್ ಮತ್ತು ಕೆಲಾಗ್ ಲಿನಕ್ಸ್ ಅಲ್ಲದೆ ಬೇರೆ ಕಾರ್ಯವ್ಯವಸ್ಥೆಗಳಲ್ಲಿಯೂ ಓಡುತ್ತವೆ. ಸ್ವಂತ ಸರ್ವರ್ ನಡೆಸಬಲ್ಲವರಿಗೆ ಕ್ಲೌಡ್‌ಲಾಗ್, ಅದರಿಂದ ಕವಲೊಡೆದ ವೇವ್‌ಲಾಗ್ ಇವೆ. ಇವು ಬ್ರೌಸರಿನಲ್ಲಿ ತೆರೆದುಕೊಳ್ಳುವುದರಿಂದ ಮೊಬೈಲಿನಿಂದಲೂ ಅದೇ ಲಾಗ್ ಕಾಣುತ್ತದೆ.

ಕೊನೆಯ ಆವೃತ್ತಿ ಯಾವಾಗ ಬಂತು, ಬಳಕೆದಾರರ ಪ್ರಶ್ನೆಗಳಿಗೆ ಯಾರಾದರೂ ಉತ್ತರಿಸುತ್ತಿದ್ದಾರೆಯೇ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆಯೇ, ಈ ಮೂರನ್ನು ನೋಡಿ. ಎರಡನ್ನು ಆರಿಸಿಕೊಂಡು ಮುಂದಿನ ಹೆಜ್ಜೆಗೆ ಹೋಗಿ. ಐದು ತಂತ್ರಾಂಶಗಳನ್ನು ಒಟ್ಟಿಗೆ ಹಾಕಿಕೊಂಡರೆ ಯಾವುದನ್ನೂ ಸರಿಯಾಗಿ ಪರೀಕ್ಷಿಸಿದಂತಾಗುವುದಿಲ್ಲ.

ಹೆಜ್ಜೆ 4: ಇಪ್ಪತ್ತು ಸಂಪರ್ಕಗಳ ಪರೀಕ್ಷೆ

ನಿಮ್ಮ ಹಳೆಯ ಲಾಗ್‌ನಿಂದ ಇಪ್ಪತ್ತು ಸಂಪರ್ಕಗಳನ್ನು ಆರಿಸಿ ಎರಡೂ ತಂತ್ರಾಂಶಗಳಲ್ಲಿ ಕೈಯಾರೆ ಟೈಪ್ ಮಾಡಿ. ಮೌಸ್ ಮುಟ್ಟಬೇಡಿ. ಕರೆ ಸಂಕೇತ ಬರೆದು ಟ್ಯಾಬ್ ಒತ್ತಿದಾಗ ಕರ್ಸರ್ ಎಲ್ಲಿಗೆ ಹೋಗುತ್ತದೆ? ಸಂಕೇತ ಎಷ್ಟು ಚೆನ್ನಾಗಿ ಕೇಳಿತು ಎಂಬ ವರದಿ, ಅಂದರೆ ಧ್ವನಿಗೆ 59, ಮೋರ್ಸ್‌ಗೆ 599, ತಾನಾಗಿಯೇ ತುಂಬಿದೆಯೇ? ಎಂಟರ್ ಒತ್ತಿದೊಡನೆ ದಾಖಲೆ ಉಳಿದು ಪರದೆ ಮುಂದಿನವರಿಗೆ ಸಿದ್ಧವಾಯಿತೇ? ಆ ಬದಿಯ ನಿಲ್ದಾಣ ಮಾತು ಮುಗಿಸಿ ‘73’ ಹೇಳುವಷ್ಟರಲ್ಲಿ ನಿಮ್ಮ ಕೈ ಖಾಲಿಯಾಗಿರಬೇಕು. ಪ್ರತಿ ಸಂಪರ್ಕಕ್ಕೂ ಒಮ್ಮೆ ಮೌಸ್ ಹಿಡಿಯಬೇಕಾದರೆ ದಿನಕ್ಕೆ ಎರಡು ಸಂಪರ್ಕದವರಿಗೆ ಅದು ತೊಂದರೆಯಲ್ಲ. ದಿನಕ್ಕೆ ಐವತ್ತು ಮಾಡುವವರಿಗೆ ಸಾಕಾಗಿಹೋಗುತ್ತದೆ.

ಈಗ ಬೇಕೆಂದೇ ಒಂದು ತಪ್ಪು ಮಾಡಿ. ನಿನ್ನೆಯ ಸಂಪರ್ಕವೊಂದರ ಬ್ಯಾಂಡನ್ನು 20 ಮೀಟರ್ ಬದಲು 40 ಮೀಟರ್ ಎಂದು ಬರೆದು ಉಳಿಸಿ, ಆಮೇಲೆ ತಿದ್ದಲು ನೋಡಿ. ಎಷ್ಟು ಕಿಟಕಿಗಳನ್ನು ತೆರೆಯಬೇಕಾಯಿತು? ಬ್ಯಾಂಡ್ ಬದಲಿಸಿದಾಗ ಆವರ್ತನವೂ ಬದಲಾಯಿತೇ, ಅಥವಾ 20 ಮೀಟರ್ ಬ್ಯಾಂಡಿನ ಎದುರಿಗೆ 40 ಮೀಟರಿನ 7.050 ಮೆಗಾಹರ್ಟ್ಸ್ ಹಾಗೆಯೇ ಕುಳಿತಿದೆಯೇ? ಇಂಥ ಸಣ್ಣ ಹೊಂದಾಣಿಕೆಯ ಕೊರತೆಗಳೇ ಮುಂದೆ ದೃಢೀಕರಣ ಸಿಗದಂತೆ ಮಾಡುವುದು.

ಇಪ್ಪತ್ತರಲ್ಲಿ ಎರಡು ವಿಶೇಷ ಸಂಕೇತಗಳನ್ನು ಸೇರಿಸಿ. ಮೊದಲನೆಯದು ಕೆಜಿ4 ಎಂದು ಆರಂಭವಾಗುವುದು. ಇದರ ನಂತರ ಎರಡು ಅಕ್ಷರಗಳಿದ್ದರೆ ಅದು ಡಿಎಕ್ಸ್‌ಸಿಸಿ ಲೆಕ್ಕದಲ್ಲಿ ಗ್ವಾಂಟಾನಾಮೊ ಕೊಲ್ಲಿ. ಒಂದು ಅಥವಾ ಮೂರು ಅಕ್ಷರಗಳಿದ್ದರೆ ಅಮೆರಿಕದ ಮುಖ್ಯ ಭೂಭಾಗ. ಎರಡನೆಯದು ಪಿಜೆ2 ಎಂದು ಆರಂಭವಾಗುವುದು. 2010ರ ಅಕ್ಟೋಬರ್ 10ರಂದು ನೆದರ್ಲೆಂಡ್ಸ್ ಆಂಟಿಲಿಸ್ ವಿಸರ್ಜನೆಯಾಯಿತು. ಅಂದಿನಿಂದ ಪಿಜೆ2 ಎಂದರೆ ಕುರಸಾವ್. ಅದೇ ಸಂಕೇತದೊಡನೆ 2009ರಲ್ಲಿ ಮಾಡಿದ ಸಂಪರ್ಕ ಈಗ ಪಟ್ಟಿಯಿಂದ ಕೈಬಿಟ್ಟ ಹಳೆಯ ಘಟಕಕ್ಕೆ (ಪ್ರಶಸ್ತಿಗೆ ಒಂದು ದೇಶದಂತೆ ಎಣಿಸುವ ಪ್ರದೇಶಕ್ಕೆ) ಸೇರಬೇಕು. ದಿನಾಂಕ 2009 ಎಂದು ಹಾಕಿ ನೋಡಿ, 2012 ಎಂದು ಹಾಕಿ ನೋಡಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ತಂತ್ರಾಂಶಕ್ಕೆ ಇತಿಹಾಸ ಗೊತ್ತಿಲ್ಲ. ಹಳೆಯ ಲಾಗ್ ಸೇರಿಸುವವರಿಗೆ ಇದು ದೊಡ್ಡ ಕೊರತೆ. ಈಗಷ್ಟೇ ಪರವಾನಗಿ ಪಡೆದವರು ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಕಿಲ್ಲ. ದೇಶಗಳ ಪಟ್ಟಿಯನ್ನು ಆಗಾಗ ತಾನಾಗಿಯೇ ನವೀಕರಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂಬುದನ್ನಂತೂ ಎಲ್ಲರೂ ನೋಡಬೇಕು. ಡಿಎಕ್ಸ್‌ಸಿಸಿ ಪಟ್ಟಿಯಲ್ಲಿ ಈಗ 340 ಘಟಕಗಳಿವೆ, ಆ ಪಟ್ಟಿ ನಿಂತ ನೀರಲ್ಲ. 2018ರಲ್ಲಿ ಕೊಸೊವೊ ಸೇರಿತು.

ಸಮಯದ ವಿಷಯ. ಲಾಗ್‌ನಲ್ಲಿರಬೇಕಾದದ್ದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಕಂಪ್ಯೂಟರ್ ಸ್ಥಳೀಯ ಸಮಯ ತೋರಿಸುತ್ತಿದ್ದರೂ ತಂತ್ರಾಂಶ ತಾನೇ ಪರಿವರ್ತಿಸಿ ಯುಟಿಸಿ ಬರೆಯಬೇಕು, ದಿನಾಂಕವೂ ಯುಟಿಸಿಯದೇ ಆಗಿರಬೇಕು. ಸ್ಥಳೀಯ ದಿನಾಂಕವೂ ಯುಟಿಸಿ ದಿನಾಂಕವೂ ಬೇರೆಯಾಗಿರುವ ಹೊತ್ತಿನಲ್ಲಿ ಒಂದು ಸಂಪರ್ಕ ಬರೆದು ನೋಡಿದರೆ ಸತ್ಯ ತಿಳಿಯುತ್ತದೆ.

ಹೆಜ್ಜೆ 5: ರೇಡಿಯೋವನ್ನು ಜೋಡಿಸಿ

ಬಹಳಷ್ಟು ಆಧುನಿಕ ಟ್ರಾನ್ಸೀವರ್‌ಗಳು ಯುಎಸ್‌ಬಿ ಅಥವಾ ಸೀರಿಯಲ್ ಕೇಬಲ್ ಮೂಲಕ ತಮ್ಮ ಆವರ್ತನ ಮತ್ತು ವಿಧಾನವನ್ನು ಕಂಪ್ಯೂಟರಿಗೆ ಹೇಳುತ್ತವೆ. ಇದನ್ನು ಕ್ಯಾಟ್ ನಿಯಂತ್ರಣ ಎನ್ನುತ್ತಾರೆ. ಇದೊಂದು ಜೋಡಣೆಯಾದರೆ ಬ್ಯಾಂಡ್ ತಪ್ಪಾಗಿ ಬರೆಯುವ ಸಾಧ್ಯತೆ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಕ್ರಮ ಹೀಗಿರಲಿ: ಮೊದಲು ಕೇಬಲ್‌ಗೆ ಬೇಕಾದ ಡ್ರೈವರ್ ಹಾಕಿ. ಕಂಪ್ಯೂಟರ್ ಯಾವ ಪೋರ್ಟ್ ಸಂಖ್ಯೆ ಕೊಟ್ಟಿದೆ ಎಂದು ನೋಡಿಕೊಳ್ಳಿ. ರೇಡಿಯೋದ ಮೆನುವಿನಲ್ಲಿರುವ ಬಾಡ್ ವೇಗವನ್ನೇ (ದತ್ತಾಂಶ ಹರಿಯುವ ವೇಗ) ತಂತ್ರಾಂಶದಲ್ಲಿಯೂ ಹಾಕಿ. ಐಕಾಮ್ ರೇಡಿಯೋ ಆದರೆ ಸಿಐ-ವಿ ವಿಳಾಸವೂ ಹೊಂದಬೇಕು. ಆಮೇಲೆ ರೇಡಿಯೋದ ಗುಂಡಿ ತಿರುಗಿಸಿ. ಪರದೆಯ ಸಂಖ್ಯೆ ಕೂಡಲೇ ತಿರುಗಿದರೆ ಜೋಡಣೆ ಸರಿ.

ಹೊಸಬರು ಎಡವುವ ಜಾಗ ಇದರ ನಂತರ ಬರುತ್ತದೆ. ಒಂದು ಸೀರಿಯಲ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ತಂತ್ರಾಂಶ ಹಿಡಿದುಕೊಳ್ಳಬಲ್ಲದು. ಲಾಗ್ ತಂತ್ರಾಂಶ ಅದನ್ನು ಹಿಡಿದಿರುವಾಗ ಡಿಜಿಟಲ್ ತಂತ್ರಾಂಶ ತೆರೆದರೆ ಎರಡನೆಯದಕ್ಕೆ ರೇಡಿಯೋ ಸಿಗುವುದಿಲ್ಲ. ಕೇಬಲ್ ಕೆಟ್ಟಿದೆ ಎಂದುಕೊಂಡು ಹೊಸ ಕೇಬಲ್ ತಂದವರನ್ನು ನಾನು ಬಲ್ಲೆ. ಪರಿಹಾರ ಸರಳ: ರೇಡಿಯೋ ಜೊತೆ ಮಾತಾಡುವ ಕೆಲಸವನ್ನು ಒಬ್ಬ ಮಧ್ಯವರ್ತಿಗೆ ಒಪ್ಪಿಸಿ, ಉಳಿದವರೆಲ್ಲ ಅವನನ್ನು ಕೇಳಲಿ. ವಿಂಡೋಸ್‌ನಲ್ಲಿ ಒಮ್ನಿರಿಗ್, ಎಲ್ಲ ಕಡೆಯೂ ಎಫ್‌ಎಲ್‌ರಿಗ್ ಅಥವಾ ಹ್ಯಾಮ್‌ಲಿಬ್ ಈ ಕೆಲಸ ಮಾಡುತ್ತವೆ. ನೀವು ಆರಿಸುವ ತಂತ್ರಾಂಶ ಇವುಗಳಲ್ಲಿ ಒಂದರ ಜೊತೆಗಾದರೂ ಕೆಲಸ ಮಾಡಬೇಕು.

ಹೆಜ್ಜೆ 6: ಎಫ್‌ಟಿ8 ಮಾಡುವವರು ಮಾತ್ರ

2017ರಲ್ಲಿ ಬಂದ ಎಫ್‌ಟಿ8ನಲ್ಲಿ 15 ಸೆಕೆಂಡಿಗೊಂದು ಸರದಿ, ಸಂಪರ್ಕಗಳು ಬೇಗ ಬೇಗ ಸೇರುತ್ತವೆ. ಇವನ್ನು ಕೈಯಾರೆ ಲಾಗ್‌ಗೆ ಬರೆಯುವುದು ವ್ಯರ್ಥ ಶ್ರಮ. ಎಫ್‌ಟಿ8ಗೆ ಬಳಸುವ ತಂತ್ರಾಂಶವಾದ ಡಬ್ಲ್ಯೂಎಸ್‌ಜೆಟಿ-ಎಕ್ಸ್ ಪ್ರತಿ ಸಂಪರ್ಕ ದಾಖಲಾದಾಗ ಅದರ ವಿವರವನ್ನು ಕಂಪ್ಯೂಟರಿನೊಳಗೇ ಯುಡಿಪಿ ಎಂಬ ಜಾಲ ಸಂದೇಶದ ಮೂಲಕ ಪ್ರಸಾರ ಮಾಡುತ್ತದೆ. ಮೊದಲಿನಿಂದ ಬಂದಿರುವ ಪೋರ್ಟ್ ಸಂಖ್ಯೆ 2237. ಲಾಗ್ ತಂತ್ರಾಂಶ ಆ ಪೋರ್ಟಿಗೆ ಕಿವಿಗೊಟ್ಟಿದ್ದರೆ ದಾಖಲೆ ತಾನಾಗಿಯೇ ಬಂದು ಕೂರುತ್ತದೆ. ಒಂದು ಸಂಪರ್ಕ ಮಾಡಿ ಬಂತೇ ನೋಡಿ. ಬರದಿದ್ದರೆ ಅದೇ ಪೋರ್ಟಿಗೆ ಇನ್ನೊಂದು ತಂತ್ರಾಂಶ ಕಿವಿಗೊಟ್ಟಿರಬಹುದು. ಆಗ ಬಹುಜನ ಪ್ರಸಾರದ, ಅಂದರೆ ಮಲ್ಟಿಕಾಸ್ಟ್ ವಿಳಾಸ ಬಳಸಬೇಕಾಗುತ್ತದೆ. ಡಬ್ಲ್ಯೂಎಸ್‌ಜೆಟಿ-ಎಕ್ಸ್ ತನ್ನದೇ ಎಡಿಐಎಫ್ ಕಡತವನ್ನೂ ಬೇರೆಯಾಗಿ ಇಟ್ಟುಕೊಳ್ಳುವುದರಿಂದ ಏನು ತಪ್ಪಿದರೂ ಮತ್ತೆ ಅಲ್ಲಿಂದ ತಂದುಕೊಳ್ಳಬಹುದು. ಆ ಕಡತವನ್ನು ಅಳಿಸಬೇಡಿ.

ಹೆಜ್ಜೆ 7: ದೃಢೀಕರಣ

ಸಂಪರ್ಕ ನಡೆದಿದೆ ಎಂದು ಎರಡೂ ಬದಿಯವರು ಹೇಳಿದಾಗ ಮಾತ್ರ ಪ್ರಶಸ್ತಿಗೆ ಲೆಕ್ಕ. ಎಆರ್‌ಆರ್‌ಎಲ್ 2003ರಲ್ಲಿ ಆರಂಭಿಸಿದ ಲಾಗ್‌ಬುಕ್ ಆಫ್ ದಿ ವರ್ಲ್ಡ್ ಇದಕ್ಕೆ ಬಹಳ ಬಳಕೆಯಲ್ಲಿರುವ ದಾರಿ. ಟಿಕ್ಯೂಎಸ್ಎಲ್ ಎಂಬ ಸಣ್ಣ ತಂತ್ರಾಂಶ ನಿಮ್ಮ ಲಾಗ್‌ಗೆ ಡಿಜಿಟಲ್ ಸಹಿ ಹಾಕಿ ಕಳಿಸುತ್ತದೆ. ಕರೆ ಸಂಕೇತ, ಬ್ಯಾಂಡ್, ವಿಧಾನ ಹೊಂದಬೇಕು, ಎರಡೂ ಬದಿಯ ಸಮಯಗಳ ನಡುವೆ 30 ನಿಮಿಷಕ್ಕಿಂತ ಹೆಚ್ಚು ಅಂತರ ಇರಬಾರದು. ಯುಟಿಸಿ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿ. ಉಪಗ್ರಹ ಸಂಪರ್ಕವಾದರೆ ಪ್ರಸರಣ ವಿಧಾನ ಉಪಗ್ರಹ ಎಂದೂ, ಉಪಗ್ರಹದ ಹೆಸರು ಯಾವುದೆಂದೂ ಲಾಗ್‌ನಲ್ಲಿ ಇರಲೇಬೇಕು. ಆ ಅಂಕಣಗಳಿಲ್ಲದ ತಂತ್ರಾಂಶ ಉಪಗ್ರಹದವರಿಗೆ ಉಪಯೋಗವಿಲ್ಲ.

ಲಾಗ್ ತಂತ್ರಾಂಶದೊಳಗಿಂದಲೇ ಟಿಕ್ಯೂಎಸ್ಎಲ್ ಕರೆದು ಕಳಿಸುವ, ದೃಢೀಕರಣಗಳನ್ನು ಇಳಿಸಿಕೊಂಡು ಗುರುತು ಹಾಕುವ ಸೌಲಭ್ಯ ಇರಲಿ. ಇಕ್ಯೂಎಸ್ಎಲ್, ಕ್ಲಬ್ ಲಾಗ್, ಕ್ಯೂಆರ್‌ಝಡ್ ಸೇವೆಗಳಿಗೂ ಹಾಗೆಯೇ ಕಳಿಸುವಂತಿದ್ದರೆ ಒಳ್ಳೆಯದು.

ಇವುಗಳಿಗೆ ಕಳಿಸಿದ್ದೇವೆ, ಇನ್ನು ಲಾಗ್ ಭದ್ರ ಎಂದು ಮಾತ್ರ ತಿಳಿಯಬೇಡಿ. ಎಆರ್‌ಆರ್‌ಎಲ್ ಮೇಲೆ ನಡೆದ ಸೈಬರ್ ದಾಳಿಯಿಂದಾಗಿ ಲಾಗ್‌ಬುಕ್ ಆಫ್ ದಿ ವರ್ಲ್ಡ್ 2024ರ ಮೇ ಮಧ್ಯಭಾಗದಿಂದ ಜುಲೈ 1ರವರೆಗೆ ಲಭ್ಯವಿರಲಿಲ್ಲ. ಅಲ್ಲಿರುವುದು ದೃಢೀಕರಣಕ್ಕೆ ಬೇಕಾದಷ್ಟು ವಿವರ ಮಾತ್ರ. ನಿಮ್ಮ ಟಿಪ್ಪಣಿಗಳು ಅಲ್ಲಿಲ್ಲ.

ಹೆಜ್ಜೆ 8: ಸ್ಪರ್ಧೆಗೆ, ಬಯಲಿಗೆ ಬೇರೆ ಸಾಧನ

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ದಿನನಿತ್ಯದ ಲಾಗ್ ಒಂದು ತಂತ್ರಾಂಶದಲ್ಲಿರಲಿ, ಸ್ಪರ್ಧೆಯನ್ನು ಅದಕ್ಕೆಂದೇ ಮಾಡಿದ ಇನ್ನೊಂದರಲ್ಲಿ ನಡೆಸಿ. ವಿಂಡೋಸ್‌ನಲ್ಲಿ ಎನ್1ಎಂಎಂ ಲಾಗರ್ ಪ್ಲಸ್ ಉಚಿತವಾಗಿ ಸಿಗುತ್ತದೆ. ಗದ್ದಲದ ನಡುವೆ ಸಂಕೇತದ ಮೊದಲ ಮೂರು ಅಕ್ಷರ ಮಾತ್ರ ಕಿವಿಗೆ ಬಿತ್ತು ಎನ್ನಿ. ಅಷ್ಟನ್ನು ಟೈಪ್ ಮಾಡಿದರೆ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಂಕೇತಗಳ ಪಟ್ಟಿಯಿಂದ ಹೋಲುವಂಥವನ್ನು ಅದು ತೋರಿಸುತ್ತದೆ. ಈ ನಿಲ್ದಾಣ ಇದೇ ಬ್ಯಾಂಡಿನಲ್ಲಿ ಆಗಲೇ ಆಗಿದೆಯೇ, ಇವರಿಂದ ಒಟ್ಟು ಅಂಕವನ್ನು ಹೆಚ್ಚಿಸುವ ಹೊಸ ಗುಣಕ ಸಿಗುತ್ತದೆಯೇ ಎಂಬುದು ಎಂಟರ್ ಒತ್ತುವ ಮುನ್ನವೇ ಕಾಣುತ್ತದೆ. ಸ್ಪರ್ಧೆ ಮುಗಿದ ಮೇಲೆ ಸ್ಪರ್ಧೆಯ ಲಾಗ್ ಸಲ್ಲಿಸಲೆಂದೇ ಇರುವ ಕ್ಯಾಬ್ರಿಲೊ ರೂಪದ ಕಡತವನ್ನು ಆಯೋಜಕರಿಗೆ ಕಳಿಸಿ, ಎಡಿಐಎಫ್ ಕಡತವನ್ನು ನಿಮ್ಮ ಮುಖ್ಯ ಲಾಗ್‌ಗೆ ಸೇರಿಸಿ. ಆಯೋಜಕರಿಗೆ ಕಳಿಸಿದ ಕ್ಯಾಬ್ರಿಲೊದಿಂದ ಲಾಗ್ ಕಟ್ಟಲು ಹೋಗಬೇಡಿ, ಅದರಲ್ಲಿ ವಿವರ ಕಡಿಮೆ.

ಬಯಲಿನಲ್ಲಿ ನೆಟ್‌ವರ್ಕ್ ಇಲ್ಲದೆಯೂ ನಡೆಯುವುದೇ ಮುಖ್ಯ. ಹ್ಯಾಮರ್ಸ್, ಹ್ಯಾಮ್2ಕೆ ಪೋಲೊ ಮೊಬೈಲಿನಲ್ಲಿ ಚೆನ್ನಾಗಿ ಓಡುತ್ತವೆ. ಮೊಬೈಲನ್ನು ವಿಮಾನ ವಿಧಾನಕ್ಕೆ ಹಾಕಿ ಮನೆಯಲ್ಲೇ ಒಮ್ಮೆ ಪರೀಕ್ಷಿಸಿ. ಉದ್ಯಾನಗಳಿಂದ ಮಾತಾಡುವ ಪೋಟಾ ಕಾರ್ಯಕ್ರಮದಲ್ಲಿ ಒಂದೇ ಯುಟಿಸಿ ದಿನದೊಳಗೆ 10 ಸಂಪರ್ಕ ಬೇಕು, ಬೆಟ್ಟದ ತುದಿಯಿಂದ ಮಾತಾಡುವ ಸೋಟಾದಲ್ಲಿ ಅಂಕ ಸಿಗಲು 4 ಬೇಕು. ಎಣಿಕೆ ಪರದೆಯಲ್ಲೇ ಕಾಣುತ್ತಿದ್ದರೆ ಚಳಿಯಲ್ಲಿ ಕುಳಿತು ಲೆಕ್ಕ ಹಾಕುವುದು ತಪ್ಪುತ್ತದೆ.

ಹೆಜ್ಜೆ 9: ಬ್ಯಾಕಪ್ ತೆಗೆದು, ಅದನ್ನು ತೆರೆದೂ ನೋಡಿ

ತಂತ್ರಾಂಶ ಮುಚ್ಚುವಾಗ ತಾನಾಗಿಯೇ ಒಂದು ಪ್ರತಿ ಉಳಿಸುವಂತೆ ಹೊಂದಿಸಿ. ಆ ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ. ತಿಂಗಳಿಗೊಮ್ಮೆ ಸಂಪೂರ್ಣ ಲಾಗ್ ಅನ್ನು ಎಡಿಐಎಫ್ ಆಗಿ ತೆಗೆದು, ಕಡತದ ಹೆಸರಿನಲ್ಲಿ ದಿನಾಂಕ ಹಾಕಿ ಮನೆಯ ಹೊರಗೆಲ್ಲಾದರೂ ಇಡಿ. ಜೊತೆಗೆ ಟಿಕ್ಯೂಎಸ್ಎಲ್ ಪ್ರಮಾಣಪತ್ರದ ಬ್ಯಾಕಪ್ ಕೂಡ. ಅದು ಕಳೆದರೆ ಮತ್ತೆ ಕೋರಿಕೆ ಸಲ್ಲಿಸಿ ಕಾಯಬೇಕು.

ಒಂದು ಎಚ್ಚರಿಕೆ. ಡೇಟಾಬೇಸ್ ಕಡತವನ್ನೇ ಕ್ಲೌಡ್ ಫೋಲ್ಡರಿನೊಳಗೆ ಇಟ್ಟು ಎರಡು ಕಂಪ್ಯೂಟರುಗಳಿಂದ ತೆರೆಯುವ ಉಪಾಯ ಬೇಡ. ತಂತ್ರಾಂಶ ಬರೆಯುತ್ತಿರುವಾಗಲೇ ಕ್ಲೌಡ್ ಸೇವೆ ಅದನ್ನು ನಕಲು ಮಾಡತೊಡಗಿದರೆ ಕಡತ ಹಾಳಾಗಬಹುದು. ಬ್ಯಾಕಪ್ ಪ್ರತಿಗಳು ಅಲ್ಲಿರಲಿ, ನಡೆಯುತ್ತಿರುವ ಲಾಗ್ ಸ್ಥಳೀಯ ಡಿಸ್ಕ್‌ನಲ್ಲಿರಲಿ. ವರ್ಷಕ್ಕೊಮ್ಮೆಯಾದರೂ ಬೇರೊಂದು ಕಂಪ್ಯೂಟರಿನಲ್ಲಿ ಬ್ಯಾಕಪ್ ತೆರೆದು ಸಂಪರ್ಕಗಳ ಸಂಖ್ಯೆ ಸರಿಯಿದೆಯೇ ಎಂದು ಎಣಿಸಿ.

ಹೆಜ್ಜೆ 10: ಹಳೆಯ ಲಾಗ್ ತರುವುದು

ಹಳೆಯ ತಂತ್ರಾಂಶದಿಂದ ಎಡಿಐಎಫ್ ತೆಗೆದು ಅದರ ಒಂದು ಪ್ರತಿಯನ್ನು ಮುಟ್ಟದೆ ಇಟ್ಟುಬಿಡಿ. ಹೊಸದರಲ್ಲಿ ಮೊದಲು ಖಾಲಿ ಪರೀಕ್ಷಾ ಲಾಗ್ ತೆರೆದು ಅದಕ್ಕೆ ಸೇರಿಸಿ. ಒಟ್ಟು ಸಂಖ್ಯೆ ಹೊಂದಿದರೆ ಸಾಲದು. ವರ್ಷವಾರು, ಬ್ಯಾಂಡ್‌ವಾರು, ವಿಧಾನವಾರು ಎಣಿಕೆಗಳನ್ನು ಎರಡೂ ಕಡೆ ಹೋಲಿಸಿ. ವ್ಯತ್ಯಾಸ ಎಲ್ಲಿದೆ ಎಂದು ಈ ಎಣಿಕೆಯೇ ಹೇಳಿಬಿಡುತ್ತದೆ: ಎಫ್‌ಟಿ4 ಸಾಲಿನಲ್ಲಿ ಸೊನ್ನೆ ಕಂಡರೆ ಉಪವಿಧಾನದ ತೊಂದರೆ, ಒಂದು ವರ್ಷ ಮಾತ್ರ ಕಡಿಮೆಯಿದ್ದರೆ ಆ ವರ್ಷದ ಯಾವುದೋ ದಾಖಲೆಯಲ್ಲಿ ಅಕ್ಷರ ಸಂಖ್ಯೆ ತಪ್ಪಿರಬಹುದು. ದೃಢೀಕರಣದ ಗುರುತುಗಳು ಬರದಿದ್ದರೆ ಗಾಬರಿ ಬೇಡ, ಲಾಗ್‌ಬುಕ್ ಆಫ್ ದಿ ವರ್ಲ್ಡ್‌ನಿಂದ ಮತ್ತೆ ಇಳಿಸಿಕೊಳ್ಳಬಹುದು. ಕಾಗದದ ಕಾರ್ಡುಗಳ ಗುರುತುಗಳನ್ನು ಮಾತ್ರ ಪೆಟ್ಟಿಗೆ ತೆರೆದು ಒಂದೊಂದಾಗಿ ಹಾಕಬೇಕಾದೀತು.

ಕಾಗದದ ಲಾಗ್ ಪುಸ್ತಕವಿದ್ದವರು ಮೊದಲು ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಟೈಪ್ ಮಾಡಲು ಫಾಸ್ಟ್ ಲಾಗ್ ಎಂಟ್ರಿ ಎಂಬ ಉಚಿತ ತಂತ್ರಾಂಶ ಅನುಕೂಲ. ದಿನಾಂಕ, ಬ್ಯಾಂಡ್, ವಿಧಾನವನ್ನು ಒಮ್ಮೆ ಬರೆದು ಮುಂದೆ ಸಮಯ ಮತ್ತು ಸಂಕೇತ ಮಾತ್ರ ಬರೆಯುತ್ತ ಹೋಗಬಹುದು, ಕೊನೆಯಲ್ಲಿ ಎಡಿಐಎಫ್ ಸಿಗುತ್ತದೆ. ದಿನಕ್ಕೆ ಎರಡು ಪುಟ ಸಾಕು. ಓದಲಾಗದ ಸಂಕೇತವನ್ನು ಊಹಿಸಿ ತುಂಬದೆ ಬಿಟ್ಟು, ಪುಟದ ಸಂಖ್ಯೆಯನ್ನು ಬೇರೆ ಹಾಳೆಯಲ್ಲಿ ಗುರುತಿಸಿಡಿ. ಹಳೆಯ ತಂತ್ರಾಂಶವನ್ನೂ ಪುಸ್ತಕವನ್ನೂ ಎಲ್ಲ ಎಣಿಕೆಗಳು ಹೊಂದುವವರೆಗೆ ತೆಗೆದುಹಾಕಬೇಡಿ. ಪುಸ್ತಕವನ್ನಂತೂ ಆಮೇಲೂ ಇಟ್ಟುಕೊಳ್ಳಿ.